ನೀಲಿ ಪೊಟ್ಟಣದ ಬ್ಲೇಡು

ಬಸವೇಶ್ವರನಗರದ ಜಗದಾಂಬಾ ಅವರಿಗೆ ಬೆಳಗಿನ ಹೊತ್ತು ಗಡಿಯಾರ ನೋಡುವ ಅಭ್ಯಾಸವೇ ಇರಲಿಲ್ಲ. ಬಚ್ಚಲುಮನೆಯಿಂದ ‘ಶಿವಾ!’ ಎಂಬ ಕೂಗು ಕೇಳಿತೆಂದರೆ ಡಿಕಾಕ್ಷನ್ನಿಗೆ ಹಾಲು ಬೆರೆಸುವ ಹೊತ್ತಾಯಿತು ಎಂದೇ ಲೆಕ್ಕ. ಆ ಕೂಗಿನಲ್ಲಿ ಭಕ್ತಿಯ ಪಾಲು ಕಡಿಮೆ ಎಂಬುದು ಮನೆಮಂದಿಗೆಲ್ಲ ಗೊತ್ತಿತ್ತು. ಗಂಡ ಸಿದ್ದಬಸಪ್ಪನವರು ಗಡ್ಡ ಹೆರೆದುಕೊಂಡು, ಒದ್ದೆ ಗಲ್ಲಕ್ಕೆ ಪಟಿಕದ ಗಡ್ಡೆ ಉಜ್ಜಿದಾಗ, ಬ್ಲೇಡು ತರಚಿದ ಕಡೆಯಲ್ಲೆಲ್ಲ ಕೆಂಡ ತಾಕಿದಂತಾಗಿ ಹೊರಡುತ್ತಿದ್ದ ಕೂಗು ಅದು. ಮದುವೆಯಾಗಿ ಬಂದ ಮೊದಲ ವಾರ ಜಗದಾಂಬಾ ಗಾಬರಿಯಿಂದ ಓಡಿಹೋಗಿ ಬಾಗಿಲು ಬಡಿದಿದ್ದರಂತೆ. ಆಮೇಲೆ ಅದು ಹಾಲು ಬೆರೆಸುವ ಗಂಟೆಯಾಯಿತು.

ಮಗಳು ಅನಘಾ ಆ ಕೂಗು ಕೇಳುತ್ತಲೇ ಬೆಳೆದವಳು. ಆ ಕೂಗಿನ ಜೊತೆಗೆ ಅಜ್ಜಿಯ ಕಥೆಗಳು. ಅಜ್ಜಿಯ ಕಥೆಯೊಂದರಲ್ಲಿ ಇಬ್ಬನಿಯನ್ನು ನೂತು ಸೀರೆ ನೇಯುವ ಹೆಂಗಸೊಬ್ಬಳಿದ್ದಳು. ಆ ಸೀರೆ ಉಟ್ಟವರಿಗೆ ಉಟ್ಟದ್ದೇ ತಿಳಿಯುತ್ತಿರಲಿಲ್ಲ. ಆದರೆ ಜಾಲಿಮುಳ್ಳಿನ ನಡುವೆ ಹಾದುಹೋದರೂ ಮೈಗೆ ಒಂದು ಗೀರು ಬೀಳುತ್ತಿರಲಿಲ್ಲ. ದೊಡ್ಡವಳಾಗಿ ಲೋಹಶಾಸ್ತ್ರ ಓದಿ, ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಸಣ್ಣದೊಂದು ಬ್ಲೇಡ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅನಘಾಳ ತಲೆಯಲ್ಲಿ ಆ ಸೀರೆಯೇ ಕುಳಿತುಬಿಟ್ಟಿತು.

ಕಾರ್ಖಾನೆಯ ಮಾಲೀಕ ಗಿರಿರಾಜ್ ಅಷ್ಟು ಕಾಲವೂ ಬೋಳು ಉಕ್ಕಿನ ಬ್ಲೇಡು ಮಾಡಿ ಸಲೂನುಗಳಿಗೆ ಮಾರಿಕೊಂಡಿದ್ದವರು. ಅಂಚಿಗೆ ಲೇಪ ಹಚ್ಚೋಣ ಸಾರ್ ಎಂದು ಅವರ ಬೆನ್ನು ಬಿದ್ದವಳು ಅನಘಾ. ದೋಸೆ ಕಾವಲಿಗೆ ಹಚ್ಚುವ ನಾನ್‌ಸ್ಟಿಕ್ ಜಾತಿಯದೇ ಲೇಪ. ಅದನ್ನು ಮಂಜಿನ ಹಾಗೆ ಸಿಂಪಡಿಸಿ, ಓವನ್ನಿನಲ್ಲಿ ಕಾಯಿಸಿ, ಅಂಚಿಗೆ ಕರಗಿಸಿ ಅಂಟಿಸಬೇಕು. ತಲೆಗೂದಲಿಗಿಂತ ನೂರಾರು ಪಟ್ಟು ತೆಳುವಾದ ಆ ಪೊರೆ ಇದ್ದರೆ ಬ್ಲೇಡು ಕೂದಲನ್ನು ಜಗ್ಗದೆ ಕತ್ತರಿಸುತ್ತದೆ, ಚರ್ಮದ ಮೇಲೆ ಜಾರಿಹೋಗುತ್ತದೆ. ಓವನ್ನು, ಸಿಂಪಡಿಸುವ ಯಂತ್ರ ಎರಡೂ ಪರೀಕ್ಷೆಗೆಂದು ಬಂದಿದ್ದವು. ಜನ ಮೆಚ್ಚಿದರೆ ಉಳಿಯುತ್ತವೆ. ಇಲ್ಲವಾದರೆ ಬಂದ ಲಾರಿಯಲ್ಲೇ ವಾಪಸ್. ಅವು ಹೋದರೆ ಅನಘಾ ಪುನಃ ಪ್ಯಾಕಿಂಗ್ ವಿಭಾಗದಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿದೆಯೋ ಇಲ್ಲವೋ ನೋಡುತ್ತ ಕೂರಬೇಕು. ಗಿರಿರಾಜ್ ಇದನ್ನು ಮುಚ್ಚಿಟ್ಟಿರಲಿಲ್ಲ.

‘ನಿನ್ನ ಮೈಕ್ರೋಸ್ಕೋಪಿಗೆ ಗೊತ್ತಾದ್ರೆ ಸಾಲ್ದಮ್ಮ,’ ಎಂದಿದ್ದರು. ‘ಗಲ್ಲಕ್ಕೆ ಗೊತ್ತಾಗ್ಬೇಕು.’

ಗಲ್ಲಗಳನ್ನು ಒದಗಿಸಿದವರು ಸಿದ್ದಬಸಪ್ಪನವರೇ. ಬೆಳಿಗ್ಗೆ ಪಾರ್ಕಿನಲ್ಲಿ ಅವರ ಜೊತೆ ಸುತ್ತು ಹಾಕುವ ಗೆಳೆಯರ ಗುಂಪೊಂದಿತ್ತು. ಬಸ್ಸು ಓಡಿಸಿ ನಿವೃತ್ತರಾದ ತಮ್ಮಣ್ಣ, ಮಾಗಡಿ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಮುನಿಯಪ್ಪ, ಇನ್ನೂ ಕೆಲವರು. ಎಲ್ಲರೂ ಹಳೇ ಮಾದರಿಯ ಎರಡಂಚಿನ ಬ್ಲೇಡು ಹಾಕುವ ರೇಜರಿನವರು. ಅನಘಾ ಎಲ್ಲರಿಗೂ ಒಂದು ನೀಲಿ ಪೊಟ್ಟಣ, ಒಂದು ಹಳದಿ ಪೊಟ್ಟಣ ಕೊಟ್ಟಳು. ನೀಲಿಯಲ್ಲಿ ಲೇಪದ ಬ್ಲೇಡು, ಹಳದಿಯಲ್ಲಿ ಬೋಳು ಬ್ಲೇಡು. ಯಾವುದು ಯಾವುದೆಂದು ಯಾರಿಗೂ ಹೇಳಲಿಲ್ಲ, ತಂದೆಗೂ ಹೇಳಲಿಲ್ಲ. ಮೊದಲು ಒಂದು, ಅದು ಮೊಂಡಾದ ಮೇಲೆ ಇನ್ನೊಂದು. ಶೇವಿಂಗ್ ಆದ ಮೇಲೆ ನಲ್ಲಿಗೆ ಹಿಡಿದು ಕೊಡವಿ ಹಾಗೇ ಇಡಬೇಕು, ಒರೆಸಬಾರದು. ಇಷ್ಟೇ ನಿಯಮ.

ಇಷ್ಟೇ ನಿಯಮ ಎಂದುಕೊಂಡದ್ದು ಅವಳ ತಪ್ಪು. ದಿನ ಬಿಟ್ಟು ದಿನ ಶೇವ್ ಮಾಡಿಕೊಳ್ಳಿ ಎಂದು ಹೇಳಿದ ಕ್ಷಣವೇ ಪಂಚಾಂಗ ಎದ್ದು ಕುಳಿತಿತು. ಸೋಮವಾರ ಶಿವನ ದಿನ, ಸಿದ್ದಬಸಪ್ಪನವರು ಗಡ್ಡ ಮುಟ್ಟುವುದಿಲ್ಲ. ಮಂಗಳವಾರ ಯಾರೂ ಮುಟ್ಟುವುದಿಲ್ಲ. ಶುಕ್ರವಾರ ಮುನಿಯಪ್ಪನವರ ಅಂಗಡಿಯಲ್ಲಿ ಲಕ್ಷ್ಮಿ ಪೂಜೆ. ಶನಿವಾರ ತಮ್ಮಣ್ಣನವರ ಹನುಮಂತ. ನಡುವೆ ಅಮಾವಾಸ್ಯೆ. ಉಳಿದ ದಿನಗಳಲ್ಲಿ ಯಾರಾದರೊಬ್ಬರು ಗೃಹಪ್ರವೇಶಕ್ಕೆ ಊರಿಗೆ ಹೋಗಿರುತ್ತಿದ್ದರು.

ಇನ್ನು ಅಭಿಪ್ರಾಯ ಕೇಳುವುದೆಂದರೆ ಬಾವಿಗೆ ಬಿದ್ದ ಕೊಡವನ್ನು ಗಾಳದಲ್ಲಿ ತಡಕುವ ಕೆಲಸ.

‘ಮುನಿಯಪ್ಪ ಅಂಕಲ್, ನೀಲಿದು ಹೇಗನ್ನಿಸ್ತು?’

‘ನಮ್ಮ ಅಳಿಯಂಗೆ ಹಿಡಿಸ್ತು ಕಣಮ್ಮ.’

‘ಅಳಿಯಂದಿರು ಯಾಕೆ ಮಾಡ್ಕೊಂಡ್ರು ಅಂಕಲ್? ಅದು ನಿಮಗೆ ಕೊಟ್ಟಿದ್ದು.’

‘ಬಂದ ಅಳಿಯನಿಗೆ ಹಳೇ ಬ್ಲೇಡು ಕೊಡೋಕಾಗುತ್ತಾ? ನಾನು ಹಳೇದ್ರಲ್ಲಿ ಮಾಡ್ಕೊಂಡೆ.’

ತಮ್ಮಣ್ಣನವರದು ಇನ್ನೊಂದು ಬಗೆ. ‘ತಾಯಿ, ಈಗಿನ ಬ್ಲೇಡಲ್ಲಿ ಏನಿದೆ? ನಾನು ಡ್ಯೂಟಿ ಮಾಡೋ ಕಾಲದಲ್ಲಿ ಕೆಂಗೇರಿ ಡಿಪೋ ಎದುರಿಗೊಬ್ಬ ಬ್ಲೇಡ್ ಮಾರ್ತಿದ್ದ...’ ಎಂದು ಶುರುವಾದರೆ ಕೆಂಗೇರಿಯಿಂದ ಮೆಜೆಸ್ಟಿಕ್ಕಿನವರೆಗಿನ ಪ್ರತಿ ಸ್ಟಾಪಿನಲ್ಲೂ ಇಳಿದು ಹತ್ತಿ ಬರಬೇಕಿತ್ತು. ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದವರು ಮಾತ್ರ ಅವಳ ತಂದೆ. ಯಾವತ್ತು ಕೇಳಿದರೂ, ಯಾವ ಬಣ್ಣಕ್ಕೆ ಕೇಳಿದರೂ, ‘ಬಹಳ ಚೆನ್ನಾಗಿದೆ ಮಗಳೇ’.

‘ಎರಡರಲ್ಲಿ ಯಾವುದು ಹೆಚ್ಚು ಚೆನ್ನಾಗಿದೆ ಅಪ್ಪಾಜಿ?’

‘ಎರಡೂ ಹೆಚ್ಚು ಚೆನ್ನಾಗಿದೆ.’

‘ಮತ್ತೆ ಬೆಳಿಗ್ಗೆ ಶಿವಾ ಅಂತ ಕಿರುಚಿದ್ರಂತಲ್ಲ, ಅಮ್ಮ ಅಂದ್ರು.’

‘ದೇವರ ಹೆಸರು ತಗೊಳ್ಳೋಕೂ ನಿನ್ನ ಪರ್ಮಿಷನ್ ಬೇಕೇನಮ್ಮ?’

ಅಂತೂ ಇಂತೂ ಒಟ್ಟು ಮಾಡಿದ ಅಭಿಪ್ರಾಯಗಳನ್ನು ಒಂದು ಕಾಗದಕ್ಕೆ ಇಳಿಸಿ ಅನಘಾ ಮತ್ತೆ ಮತ್ತೆ ಓದಿದಳು. ನೀಲಿಯ ಮೊದಲ ಶೇವಿಂಗನ್ನು ಎಲ್ಲರೂ ಬೆಣ್ಣೆ ಎಂದಿದ್ದರು. ಎರಡನೆಯದಕ್ಕೇ ಜಗ್ಗುತ್ತದೆ, ಉರಿಯುತ್ತದೆ ಎಂಬ ದೂರು. ಹಳದಿ ಮಾತ್ರ ದಿನದಿಂದ ದಿನಕ್ಕೆ ಪಳಗುತ್ತ ಹೋಗಿತ್ತು. ಹೀಗಾಗುವುದು ಸಾಧ್ಯವೇ ಇರಲಿಲ್ಲ. ಕಾರ್ಖಾನೆಯಲ್ಲಿ ಅದೇ ಲೇಪ ಎಷ್ಟೋ ಸಲ ಉಣ್ಣೆಯ ಎಳೆ ಕತ್ತರಿಸಿದರೂ ಅಂಚು ಬಿಟ್ಟಿರಲಿಲ್ಲ. ಅವಳು ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳಿದಳು. ಒರೆಸಿದಿರಾ? ಇಲ್ಲ. ಬಿಸಿನೀರಲ್ಲಿ ನೆನೆಸಿದಿರಾ? ಇಲ್ಲ. ನೀನು ಹೇಳಿದ ಹಾಗೇ ಮಾಡಿದೀವಿ ತಾಯಿ. ಎಲ್ಲರ ಮುಖದಲ್ಲೂ ಎಳೆಮಕ್ಕಳ ಮುಗ್ಧತೆ.

ಗಿರಿರಾಜ್ ಕಾಗದ ನೋಡಿ ಪಕ್ಕಕ್ಕಿಟ್ಟರು. ‘ಹಳದಿ ಗೆದ್ದಿದೆ. ಅಂದ್ರೆ ನಾನು ಮೊದಲಿಂದ ಮಾಡ್ತಿದ್ದಿದ್ದೇ ಸರಿ. ನಾಳೆ ಸಂಜೆಯೊಳಗೆ ಒಂದು ರಿಪೋರ್ಟ್ ಬರೆದುಕೊಡು, ಓವನ್ ಕಳಿಸಿಬಿಡೋಣ.’

ರಿಪೋರ್ಟ್ ಮನೆಯಲ್ಲೇ ಬರೆಯುತ್ತೇನೆಂದು ಅನಘಾ ಮರುದಿನ ಕಾರ್ಖಾನೆಗೆ ಹೋಗಲಿಲ್ಲ. ಬೇರೆ ದಿನಗಳಲ್ಲಿ ತಂದೆ ಬಚ್ಚಲು ಸೇರುವ ಹೊತ್ತಿಗೆ ಅವಳು ಬಸ್ ಸ್ಟಾಪಿನಲ್ಲಿರುತ್ತಿದ್ದಳು. ಆ ದಿನ ನಡುಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಒಂದು ಸಾಲೂ ಬರೆಯಲಾಗದೆ, ಕಿಟಕಿಯಾಚೆ ನೋಡುತ್ತ ಕುಳಿತಿದ್ದಳು. ಅಡುಗೆಮನೆಯಲ್ಲಿ ಜಗದಾಂಬಾ ಗಾಜಿನ ಲೋಟವೊಂದನ್ನು ಬೆಳಕಿಗೆ ಹಿಡಿದು ಗೊಣಗುತ್ತಿದ್ದರು.

‘ಈ ಪಾತ್ರೆ ಪುಡಿಯೂ ಸರಿ ಇಲ್ಲ ಕಣೇ. ಲೋಟ ಎಲ್ಲಾ ಮಬ್ಬು ಹೊಡೀತಾ ಇದೆ. ನೆಂಟರಿಗೆ ಮಜ್ಜಿಗೆ ಕೊಡೋಕೆ ನಾಚಿಕೆ ಆಗುತ್ತೆ. ತಮ್ಮಣ್ಣನವರ ಸೊಸೆ ಸುಮಾನೂ ಇದನ್ನೇ ಅಂತಿದ್ಲು, ಅವರ ಮನೇಲೂ ಹೀಗೇ ಆಗಿದೆಯಂತೆ. ಕಾವೇರಿ ನೀರಲ್ಲೇ ಏನೋ ಬೆರೆಸ್ತಾ ಇದಾರೆ.’

ಅನಘಾ ಹೂಂಗುಟ್ಟಿದಳೇ ಹೊರತು ಕೇಳಿಸಿಕೊಳ್ಳಲಿಲ್ಲ. ಬಚ್ಚಲಿನಿಂದ ‘ಶಿವಾ!’ ಬಂತು. ಹಾಲು ಬೆರೆಯಿತು. ಕಾಫಿ ಕುಡಿದು ಸಿದ್ದಬಸಪ್ಪನವರು ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಒಂದು ಶಬ್ದ. ಕಿರ್ರ್, ಕಿರ್ರ್, ಕಿರ್ರ್. ಹಲ್ಲು ಜುಂ ಎನ್ನಿಸುವಂಥ ಶಬ್ದ. ಅವಳು ಎದ್ದು ಹೋಗಿ ನೋಡಿದಳು.

ದಾಸವಾಳದ ಗಿಡದ ಪಕ್ಕ ಒಗೆಯುವ ಕಲ್ಲಿನ ಮೇಲೆ ತಂದೆ ಕುಳಿತಿದ್ದರು. ಎಡಗೈಯಲ್ಲಿ ಗಾಜಿನ ಲೋಟ. ಅದರೊಳಗೆ ಬ್ಲೇಡನ್ನು ಬೆರಳ ತುದಿಯಿಂದ ಒತ್ತಿ ಹಿಡಿದು, ಒಳಗೋಡೆಗೆ ಆ ಕಡೆಯಿಂದ ಈ ಕಡೆಗೆ ಉಜ್ಜುತ್ತಿದ್ದರು. ಮುಖದಲ್ಲಿ ಮಗುವಿಗೆ ಎಣ್ಣೆ ನೀವುವವರ ತನ್ಮಯತೆ.

‘ಅಪ್ಪಾಜಿ. ಏನ್ಮಾಡ್ತಾ ಇದೀರಿ?’

‘ಸಾಣೆ ಹಿಡೀತಾ ಇದೀನಿ. ನೀನಿನ್ನೂ ಹೋಗಿಲ್ವಾ?’

‘ಯಾವ ಬ್ಲೇಡು ಅದು?’

‘ನಿನ್ನದೇ ಮತ್ತೆ. ನಾವು ದಾವಣಗೆರೆ ಹಾಸ್ಟೆಲಿನಲ್ಲಿದ್ದಾಗ ಒಂದು ಬ್ಲೇಡು ಇಡೀ ರೂಮಿಗೆ ತಿಂಗಳುಗಟ್ಟಲೆ ಬರ್ತಿತ್ತು. ಎಲ್ಲಾ ಈ ಲೋಟದ ಮಹಿಮೆ. ಅಂಗಡಿಯವನಿಗೆ ನಮ್ಮ ಮೇಲೆ ಸಿಟ್ಟು.’

‘ಒರೆಸಬೇಡಿ ಅಂತ ಹೇಳಿದ್ನಲ್ಲ.’

‘ಒರೆಸಿಲ್ವಲ್ಲ. ಉಜ್ಜಿದೀನಿ ಅಷ್ಟೆ.’

ಅನಘಾ ಹಿತ್ತಲ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ‘ನೀಲಿದಕ್ಕೂ ಮಾಡಿದ್ರಾ?’

‘ಎರಡಕ್ಕೂ ಮಾಡಿದೀನಿ,’ ಎಂದರು ತಂದೆ ಎದೆಯುಬ್ಬಿಸಿ. ‘ಭೇದ ಮಾಡಿಲ್ಲ.’

‘ಮತ್ತೆ ತಮ್ಮಣ್ಣ ಅಂಕಲ್ ಬ್ಲೇಡು?’

ಈಗ ಸಿದ್ದಬಸಪ್ಪನವರು ದಾಸವಾಳದ ಕಡೆ ನೋಡಿದರು. ‘ಅವನಿಗೆ ಸರಿಯಾಗಿ ಬರ್ತಿರ್ಲಿಲ್ಲ. ಪಾರ್ಕಲ್ಲಿ ಒಂದ್ಸಲ ತೋರಿಸಿಕೊಟ್ಟೆ.’

‘ಅವರೊಬ್ಬರಿಗೇನಾ?’

‘ಉಳಿದವರೂ ಸುತ್ತ ನಿಂತಿದ್ರು. ಕಣ್ಣು ಮುಚ್ಕೊಳ್ಳಿ ಅನ್ನೋಕಾಗುತ್ತಾ?’

ಬಾಗಿಲಲ್ಲಿ ಬಂದು ನಿಂತಿದ್ದ ಜಗದಾಂಬಾ ಗಂಡನ ಕೈಯಿಂದ ಲೋಟ ಕಿತ್ತುಕೊಂಡು ಬೆಳಕಿಗೆ ಹಿಡಿದರು. ಒಳಗೆಲ್ಲ ಜೇಡ ನೇಯ್ದಂತೆ ಗೀರುಗಳು. ‘ರೀ, ನಾನು ಅಂಗಡಿಯವನ ಹತ್ರ ಜಗಳ ಆಡಿ ಪುಡಿ ಬದಲಾಯಿಸಿಕೊಂಡು ಬಂದೆ. ಒಂದ್ಸಲ ಅಲ್ಲ, ಮತ್ತೆ ಮತ್ತೆ.’ ಅವರಿಗೆ ಇನ್ನೇನೋ ಹೊಳೆಯಿತು. ‘ಅಂದ್ರೆ ಸುಮಾ ಮನೆಯ ಲೋಟಗಳೂ ನೀವೇ.’

‘ನಿನ್ನ ಬ್ಲೇಡಿಗೆ ಕೆಟ್ಟ ಹೆಸರು ಬರಬಾರದು ಅಂತ ಕಣಮ್ಮ,’ ಎಂದು ಸಿದ್ದಬಸಪ್ಪನವರು ಹೆಂಡತಿಯನ್ನು ಬಿಟ್ಟು ಮಗಳಿಗೆ ಹೇಳಿದರು. ‘ಯಾವುದು ನಿನ್ನದು ಅಂತ ನೀನು ಬಾಯಿ ಬಿಡಲಿಲ್ಲ. ಅದಕ್ಕೇ ಎರಡನ್ನೂ ಚೆನ್ನಾಗಿ ನೋಡ್ಕೊಂಡೆ.’

ಅನಘಾಳಿಗೆ ಕೂಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಜ್ಜಿಯ ಕಥೆಯ ಹೆಂಗಸು ಜನ್ಮವೆಲ್ಲ ಕೂತು ನೇಯ್ದ ಇಬ್ಬನಿಯ ಸೀರೆಯನ್ನು ಒಯ್ದು, ಒಗೆಯುವ ಕಲ್ಲಿಗೆ ಹಾಕಿ, ತಂದೆ ಭೇದವಿಲ್ಲದೆ ಕುಕ್ಕಿದ್ದರು. ‘ಅಪ್ಪಾಜಿ, ಮೊದಲನೇ ದಿನ ನುಣ್ಣಗೆ ಹೋಯ್ತಲ್ಲ, ಅದೇ ಲೇಪ. ಅದನ್ನ ನೀವು ಈ ಲೋಟಕ್ಕೆ ಹಚ್ಚಿಬಿಟ್ರಿ. ಬೋಳು ಬ್ಲೇಡಿಗೆ ಸಾಣೆಯಿಂದ ಒಳ್ಳೇದಾಯ್ತು. ಲೇಪದ್ದು ಹಾಳಾಯ್ತು. ನಾಳೆ ಓವನ್ ವಾಪಸ್ ಹೋಗುತ್ತೆ.’

ತಂದೆ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟರು. ‘ಮೊದಲೇ ಹೇಳಬಾರದಿತ್ತೇನಮ್ಮ,’ ಎಂದರು.

ಅವಳು ಎದ್ದು ಒಳಗೆ ಹೋದಳು. ಅಲ್ಲೇ ಇದ್ದು ಉತ್ತರ ಕೊಟ್ಟಿದ್ದರೆ ಅದು ಮಗಳು ತಂದೆಗೆ ಹೇಳುವಂಥ ಮಾತಾಗಿರುತ್ತಿರಲಿಲ್ಲ.

ಮಧ್ಯಾಹ್ನ ಲೋಟವನ್ನು ದಿನಪತ್ರಿಕೆಯಲ್ಲಿ ಸುತ್ತಿಕೊಂಡು ಕಾರ್ಖಾನೆಗೆ ಹೋದಳು. ಗಿರಿರಾಜ್ ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟರು.

‘ಇಡೀ ಟ್ರಯಲ್ಲನ್ನ ನಿಮ್ಮ ತಂದೆ ಕೆಡಿಸಿದ್ರು ಅಂತೀಯಾ?’

‘ಹೌದು ಸಾರ್.’

‘ಸೋತವರು ಏನಾದ್ರೂ ಒಂದು ಹೇಳ್ಬೇಕಲ್ಲ ಅಂತ ಜನ ಅಂದ್ಕೊಳ್ತಾರೆ.’

ಅನಘಾ ಲೋಟವನ್ನು ಮೇಜಿನ ಮೇಲಿಟ್ಟಳು. ಗಿರಿರಾಜ್ ಅದನ್ನೆತ್ತಿ ಒಳಗೆ ಬೆರಳಾಡಿಸಿ ನೋಡಿದರು. ‘ನಮ್ಮ ತಂದೆದೂ ಇಂಥದೊಂದಿತ್ತು,’ ಎಂದರು. ‘ನಮ್ಮಮ್ಮ ಅದರಲ್ಲಿ ಯಾರಿಗೂ ನೀರು ಕೊಡ್ತಿರ್ಲಿಲ್ಲ. ಸರಿ. ಸೋಮವಾರದೊಳಗೆ ಇನ್ನೊಂದ್ಸಲ ಮಾಡಿ ತೋರಿಸು.’

‘ಸೋಮವಾರದವರೆಗೆ ಎಲ್ಲ ಕಡೆ ವ್ರತ ಸಾರ್. ಹಬ್ಬ ಬೇರೆ ಬರ್ತಾ ಇದೆ.’

‘ನೀನು ಬ್ಲೇಡು ಮಾಡ್ತಿದೀಯೋ ಮಠ ನಡೆಸ್ತಿದೀಯೋ? ಅದರ ಮುಂದಿನ ಭಾನುವಾರ. ಪಾರ್ಕಿಗೆ ನಾನೇ ಬರ್ತೀನಿ. ಅಲ್ಲಿಗೆ ಮುಗೀತು.’

ಹೊಸ ಪೊಟ್ಟಣಗಳು ಹಂಚಿಕೆಯಾದವು. ಈ ಸಲ ಅನಘಾ ಮನೆ ಮನೆಗೆ ಹೋಗಿ ಹೆಂಗಸರಿಗೇ ಹೇಳಿ ಬಂದಳು. ಆ ರಸ್ತೆಯ ಗಾಜಿನ ಲೋಟಗಳೆಲ್ಲ ಬೀರು ಸೇರಿದವು. ಸುಮಾ ಅಂತೂ ಬೀಗವನ್ನೇ ಹಾಕಿದಳು. ಸಿದ್ದಬಸಪ್ಪನವರು ಕೈ ಕಟ್ಟಿಹಾಕಿದವರಂತೆ ಓಡಾಡಿದರು. ಶೇವಿಂಗ್ ಮುಗಿದ ಮೇಲೆ ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಸುಮ್ಮನೆ ಕೂತು ಬರುತ್ತಿದ್ದರು.

ಒಂದು ಬೆಳಿಗ್ಗೆ ಅವರು ಸಿಟ್ಟಿನ ಮುಖ ಮಾಡಿಕೊಂಡು ಅಡುಗೆಮನೆಗೆ ಬಂದರು. ‘ಇವತ್ತು ಕಾಫಿ ಇಲ್ವಾ?’

‘ನಿಮ್ಮದೆಲ್ಲಿ ಆಯ್ತು?’ ಎಂದರು ಜಗದಾಂಬಾ. ‘ನಾನು ಕಾಯ್ತಾನೇ ಇದೀನಿ. ಹಾಲು ಉಕ್ಕಿ ಒಲೆ ಎಲ್ಲಾ ಆಯ್ತು. ಪಟಿಕ ಹಚ್ಕೊಳ್ಳಲಿಲ್ವಾ?’

‘ಹಚ್ಕೊಂಡು, ವಿಭೂತಿನೂ ಇಟ್ಕೊಂಡು ಎಷ್ಟೊತ್ತಾಯ್ತು.’

‘ಮತ್ತೆ ಕೂಗ್ಲಿಲ್ಲ?’

ಸಿದ್ದಬಸಪ್ಪನವರು ಗಲ್ಲ ಮುಟ್ಟಿ ನೋಡಿಕೊಂಡರು. ಮುಂದಿನ ಶೇವಿಂಗಿಗೂ ಕೂಗಿಲ್ಲ. ಅದರ ಮುಂದಿನದಕ್ಕೂ ಕೂಗಿಲ್ಲ. ಹಾಲು ಪ್ರತಿ ಸಲವೂ ಉಕ್ಕಿತು. ಅನಘಾ ಬೇಕೆಂದೇ ಬಸ್ಸು ತಪ್ಪಿಸಿಕೊಂಡು ನಡುಮನೆಯಲ್ಲಿ ಆ ಮೌನವನ್ನು ಕೇಳುತ್ತ ನಿಂತಿರುತ್ತಿದ್ದಳು. ಆದರೂ ತಂದೆಯ ಬಾಯಿಂದ ಒಂದು ಮಾತು ಬೇಕಲ್ಲ. ಶನಿವಾರ ಸಂಜೆ ಹಿತ್ತಲಿನಲ್ಲಿ ಹಿಡಿದಳು.

‘ನೀಲಿದು ಹೇಗಿತ್ತು ಅಪ್ಪಾಜಿ? ಸುಳ್ಳು ಬೇಡ.’

ತಂದೆ ದಾಸವಾಳದ ಒಣ ಎಲೆಯೊಂದನ್ನು ಕಿತ್ತು ಹಾಕಿದರು. ‘ಇಷ್ಟ ಆಗ್ಲಿಲ್ಲ ಮಗಳೇ.’

‘ಉರಿ ಆಯ್ತಾ?’

‘ಇಲ್ಲ.’

‘ಜಗ್ಗಿತಾ? ತರಚಿತಾ?’

‘ಏನೂ ಇಲ್ಲ. ಅದೇ ಕಷ್ಟ. ಬ್ಲೇಡು ಅಂದ್ರೆ ಕರ್ ಕರ್ ಅನ್ನಬೇಕು. ಕೂದಲು ಹೋಗ್ತಾ ಇದೆ ಅಂತ ಕಿವಿಗೆ ಗೊತ್ತಾಗ್ಬೇಕು. ಇದು ಬಾಯೇ ಬಿಡಲ್ಲ. ಆಯ್ತೋ ಇಲ್ವೋ ಅಂತ ಕನ್ನಡಿಗೆ ಮೂಗು ತಾಗಿಸಿ ನೋಡ್ಬೇಕು. ಶೇವಿಂಗ್ ಮಾಡ್ಕೊಂಡ ಸಮಾಧಾನವೇ ಇಲ್ಲ.’

ಹುಟ್ಟಿದಂದಿನಿಂದ ತನ್ನ ಚಿತ್ರ, ತನ್ನ ಹಾಡು, ತನ್ನ ಸುಟ್ಟ ರೊಟ್ಟಿ ಎಲ್ಲವನ್ನೂ ಬಹಳ ಚೆನ್ನಾಗಿದೆ ಎಂದ ತಂದೆ, ಬೇಡವೆನ್ನಲು ಈ ಒಂದು ವಾರವನ್ನೇ ಆರಿಸಿಕೊಳ್ಳಬೇಕಿತ್ತೇ? ಅನಘಾ ಒಳಗೆ ಹೋಗಿ ಮುಸುಕು ಹೊದ್ದು ಮಲಗಿದಳು.

ಭಾನುವಾರ ಗಿರಿರಾಜ್ ಬಂದಾಗ ಪಾರ್ಕಿನ ಕಲ್ಲುಬೆಂಚಿನ ಮೇಲೆ ಅದೇ ದೂರುಗಳ ಸಾಲು ಕುಳಿತಿತ್ತು.

‘ಶಬ್ದ ಇಲ್ಲ ಸಾರ್,’ ಎಂದರು ತಮ್ಮಣ್ಣ. ‘ಎಂಜಿನ್ ಸೌಂಡೇ ಕೇಳದೆ ಗಾಡಿ ಓಡಿಸಿದಂಗೆ.’

‘ಉರಿ?’

‘ಉರಿ ಎಲ್ಲಿ ಬಂತು? ಉರಿ ಇಲ್ಲ. ಆದ್ರೂ ಏನೋ ಒಂಥರಾ.’

‘ನಂಗೂ ಒಂಥರಾನೇ,’ ಎಂದರು ಮುನಿಯಪ್ಪ. ‘ಅಳಿಯಂಗೆ ಕೊಟ್ಟಿಲ್ಲಮ್ಮ ಈ ಸಲ, ಆಣೆ.’

ಗಿರಿರಾಜ್ ಅನಘಾಳ ಕಡೆ ತಿರುಗಿದರು. ‘ಸುಖ ಇದೆ, ಇಷ್ಟ ಇಲ್ಲ. ಇದನ್ನ ನಾನು ಯಾರಿಗಮ್ಮ ಮಾರ್ಲಿ?’

ಲೇಪವನ್ನು ಇನ್ನೂ ತೆಳು ಮಾಡಿದರೆ ಸ್ವಲ್ಪ ಶಬ್ದ ಬಂದೀತು ಎಂದೇನೋ ಅನಘಾ ಹೇಳಿದಳು. ಅದು ತನ್ನ ಕಿವಿಗೇ ಬೇಡುವವರ ದನಿಯಂತೆ ಕೇಳಿಸಿತು. ಗಿರಿರಾಜ್ ನಿಟ್ಟುಸಿರಿಟ್ಟು ಕೈಚೀಲ ತೆರೆದು ಬೆಂಚಿನ ಮೇಲೆ ಸುರಿದರು. ಉಳಿದಿದ್ದ ನೀಲಿ, ಹಳದಿ ಪೊಟ್ಟಣಗಳು. ‘ಆಯ್ತು ಸ್ವಾಮಿ, ನಿಮಗೆಲ್ಲ ತೊಂದರೆ ಕೊಟ್ವಿ. ಒಂದೊಂದು ಮನೆಗೆ ತಗೊಂಡು ಹೋಗಿ. ಯಾವುದಾದ್ರೂ ಸರಿ.’

ತಮ್ಮಣ್ಣ ಒಂಥರಾ ಒಂಥರಾ ಎನ್ನುತ್ತಲೇ ಕೈ ಚಾಚಿ ನೀಲಿಯನ್ನೆತ್ತಿ ಜೇಬಿಗೆ ಇಳಿಸಿದರು.

‘ಅಂಕಲ್, ಅದು ನೀಲಿ,’ ಎಂದಳು ಅನಘಾ.

‘ಗೊತ್ತು ತಾಯಿ. ಶಬ್ದ ಇಲ್ಲ ನಿಜ. ಮೊಮ್ಮಗಳು ಗಲ್ಲಕ್ಕೆ ಗಲ್ಲ ಇಟ್ರೆ ಮೊದಲು ಉರಿಯೋದು, ಈಗ ಉರಿಯಲ್ಲ.’

ಪಕ್ಕದವರೂ ನೀಲಿ. ಅವರಾಚೆಯವರೂ ನೀಲಿ. ಗೊಣಗಾಟ ನಿಂತಿರಲಿಲ್ಲ, ಕೈಗಳು ಮಾತ್ರ ಗೊಣಗಾಟಕ್ಕೆ ಕಿವಿಗೊಡದೆ ತಮ್ಮ ಪಾಡಿಗೆ ನೀಲಿಯ ಕಡೆ ಹೋಗುತ್ತಿದ್ದವು. ಮುನಿಯಪ್ಪ ಎರಡು ನೀಲಿ ಎತ್ತಿಕೊಂಡರು. ಗಿರಿರಾಜ್ ಬೆಂಚಿನ ಮೇಲೆ ಉಳಿದ ಹಳದಿ ರಾಶಿಯನ್ನು ನೋಡಿದರು, ಆ ಉಬ್ಬಿದ ಜೇಬುಗಳನ್ನು ನೋಡಿದರು, ಬದಿಗೆ ಸರಿದು ಫೋನ್ ತೆಗೆದರು. ಲಾರಿಯವನಿಗೆ ನಾಳೆ ಬರಬೇಡ ಎಂದು ಅವರು ಹೇಳಿದ್ದು ಅನಘಾಳಿಗೆ ಕೇಳಿಸಿತು. ‘ಇಲ್ಲಪ್ಪ, ಓವನ್ ಕಳಿಸ್ತಿಲ್ಲ,’ ಎಂದದ್ದೂ ಕೇಳಿಸಿತು.

ಕೊನೆಗೆ ಉಳಿದವರು ಸಿದ್ದಬಸಪ್ಪನವರು. ಬೆಂಚಿನ ಮುಂದೆ ನಿಂತು ಆ ಬಣ್ಣ ಈ ಬಣ್ಣ ನೋಡಿದರು. ಮಗಳ ಮುಖ ನೋಡಿದರು. ಆಮೇಲೆ, ಪರೀಕ್ಷೆಯಲ್ಲಿ ಮೊದಲ ಸಲ ನಕಲು ಮಾಡದೆ ಬರೆದ ಹುಡುಗನ ಹಾಗೆ ತಲೆ ತಗ್ಗಿಸಿ, ಹಳದಿಯನ್ನು ಎತ್ತಿಕೊಂಡರು.

‘ಅಪ್ಪಾಜಿ,’ ಎಂದಳು ಅನಘಾ.

‘ನೀನೇ ಹೇಳಿದ್ದಲ್ವಾ, ಸುಳ್ಳು ಬೇಡ ಅಂತ,’ ಎಂದರು ತಂದೆ.

ಬುಧವಾರ ಬೆಳಿಗ್ಗೆ ಅನಘಾ ಚಪ್ಪಲಿ ಮೆಟ್ಟಿಕೊಂಡು ಹೊರಡುವುದರಲ್ಲಿದ್ದಳು. ಓವನ್ನಿಗೆ ಹೊಸ ಬ್ಯಾಚ್ ಹಾಕುವ ದಿನ, ತಡವಾಗಿತ್ತು. ಹಿತ್ತಲ ಕಲ್ಲಿನ ಮೇಲೆ ಮಬ್ಬು ಲೋಟವೊಂದು ಬೋರಲು ಬಿದ್ದಿತ್ತು. ಜಗದಾಂಬಾ ಅದನ್ನು ಗಂಡನ ಹೆಸರಿಗೇ ಬರೆದುಕೊಟ್ಟಿದ್ದರು, ಒಳಗೆ ಮಾತ್ರ ತರಕೂಡದು. ಗೇಟಿನ ಚಿಲಕಕ್ಕೆ ಕೈ ಹಾಕುವಾಗ ಬಚ್ಚಲಿನಿಂದ ಕೇಳಿಬಂತು, ಗಟ್ಟಿಯಾಗಿ, ಸಮಾಧಾನದಿಂದ:

‘ಶಿವಾ!’

ಒಳಗೆ ಜಗದಾಂಬಾ ಡಿಕಾಕ್ಷನ್ನಿಗೆ ಹಾಲು ಬೆರೆಸಿದರು.